ಪಬ್ಲಿಶ್ ಬಟನ್ ಒತ್ತಿದ ಮೇಲೆ

"ಪಬ್ಲಿಶ್ ಮಾಡಿ ಹತ್ತು ನಿಮಿಷ ಆಯ್ತು, ಇನ್ನೂ ಕಾಣಿಸ್ತಿಲ್ಲ. ಸ್ವಲ್ಪ ನೋಡ್ತೀರಾ?"

ಈ ಮೆಸೇಜ್ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಕಳಿಸುವವರು ನಮ್ಮ ಎಡಿಟರ್ ಮೇಡಂ. ಅವರ ಕಡೆಯಿಂದ ನೋಡಿದರೆ ಪ್ರಶ್ನೆ ಸರಿಯಾಗೇ ಇದೆ. ಅವರಿಗೆ ಕಾಣುವುದು ಒಂದೇ ಒಂದು ಹಸಿರು ಬಟನ್. ಒತ್ತಿದರೆ ಲೇಖನ ಸೈಟಿಗೆ ಬರಬೇಕು, ಹುಡುಕಿದರೆ ಸಿಗಬೇಕು, ಸಂಜೆಯ ನ್ಯೂಸ್‌ಲೆಟರ್‌ಗೆ ಸೇರಬೇಕು, ಆ್ಯಪ್ ಇಟ್ಟುಕೊಂಡವರಿಗೆ ನೋಟಿಫಿಕೇಶನ್ ಹೋಗಬೇಕು. ಆದರೆ ಆ ಬಟನ್ ಹಿಂದೆ ಐದಾರು ಬೇರೆ ಬೇರೆ ಕಂಪನಿಗಳ ಸಾಫ್ಟ್‌ವೇರ್ ಇವೆ, ಒಂದಕ್ಕೆ ಇನ್ನೊಂದರ ಪರಿಚಯವೇ ಇಲ್ಲ, ಅವುಗಳ ನಡುವೆ ಓಡಾಡಿ ಸುದ್ದಿ ಮುಟ್ಟಿಸುವುದು ನಾನು ಬರೆದ ಒಂದಿಷ್ಟು ಕೋಡ್. ಹಾಗಾಗಿ ಏನೇ ಕಾಣಿಸದಿದ್ದರೂ ಮೆಸೇಜ್ ಬರುವುದು ನನಗೇ.

ಕೆಲವು ವರ್ಷದಿಂದ ನಾನು ಇದೇ ಕೆಲಸ ಮಾಡುತ್ತಿದ್ದೇನೆ. ಕ್ಲೌಡ್‌ನಲ್ಲಿರುವ ಸಿಎಂಎಸ್‌ಗೆ, ಅಂದರೆ ಬರಹ ಇಟ್ಟು ಪಬ್ಲಿಶ್ ಮಾಡುವ ಸಾಫ್ಟ್‌ವೇರ್‌ಗೆ, ಬೇರೆಯವರ ಆ್ಯಪ್‌ಗಳನ್ನು ಜೋಡಿಸುವುದು. ಕಾಂಟೆಂಟ್‌ಫುಲ್, ಸ್ಯಾನಿಟಿ, ಸ್ಟೋರಿಬ್ಲಾಕ್ ತರಹದ್ದು ಗೊತ್ತಲ್ವಾ? ಬರಹ, ಫೋಟೋ ಎಲ್ಲ ಅವರ ಸರ್ವರ್‌ನಲ್ಲಿ ಇರುತ್ತದೆ, ನಮಗೆ ಬೇಕಾದಾಗ ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದನ್ನು ಕೇಳುವ ದಾರಿ) ಮೂಲಕ ತರಿಸಿಕೊಳ್ಳಬೇಕು. ವರ್ಡ್‌ಪ್ರೆಸ್ ಕೂಡ 2016ರ ಕೊನೆಗೆ, 4.7ನೇ ಆವೃತ್ತಿಯಲ್ಲಿ, ತನ್ನ ಬರಹಗಳನ್ನು ಹೊರಗಿನವರು ರೆಸ್ಟ್ ಅನ್ನುವ ಬಗೆಯ ಎಪಿಐ ಮೂಲಕ ಓದುವ ಹಾಗೆ ಮಾಡಿತು. ಅಲ್ಲಿಂದಾಚೆಗೆ ಸಿಎಂಎಸ್ ಒಂದು ಕಡೆ, ಸೈಟ್ ಇನ್ನೊಂದು ಕಡೆ ಇರುವುದು ಯಾರಿಗೂ ವಿಚಿತ್ರ ಅನ್ನಿಸುತ್ತಿಲ್ಲ.

ಡೆಮೋ ವಿಡಿಯೋಗಳಲ್ಲಿ ಈ ಜೋಡಣೆ ಬಹಳ ಚೆಂದ ಕಾಣುತ್ತದೆ. ಎಡಗಡೆ ಒಂದು ಡಬ್ಬಿ, ಬಲಗಡೆ ಒಂದು ಡಬ್ಬಿ, ನಡುವೆ ಒಂದು ಬಾಣ. ಕೀ ಹಾಕಿ, ಕನೆಕ್ಟ್ ಒತ್ತಿ, ಮುಗೀತು. ಸುಳ್ಳು ಅಂತ ಹೇಳಲ್ಲ, ನಿಜವಾಗಲೂ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಆಮೇಲಿನ ಆರು ತಿಂಗಳು ಆ ಬಾಣದ ಸೇವೆ ಮಾಡಬೇಕು, ಅಷ್ಟೇ.

ಮೊದಮೊದಲು ನನಗೆ ಇದು ಕೋಡ್ ಸಮಸ್ಯೆ ಅನ್ನಿಸಿತ್ತು. ಅಲ್ಲ. ಯಾವ ಮಾಹಿತಿಗೆ ಯಾರು ಯಜಮಾನರು ಅನ್ನುವ ಸಮಸ್ಯೆ.

ಒಂದು ಉದಾಹರಣೆ ಹೇಳುತ್ತೇನೆ. ಒಂದು ಪ್ರಾಜೆಕ್ಟ್‌ನಲ್ಲಿ ಸಾಮಾನುಗಳ ಪೇಜ್ ಇತ್ತು. ಸಾಮಾನಿನ ಹೆಸರು, ಕೋಡ್, ಎಷ್ಟು ಸ್ಟಾಕ್ ಇದೆ ಅನ್ನುವುದೆಲ್ಲ ಇನ್ವೆಂಟರಿ ಸಾಫ್ಟ್‌ವೇರ್‌ನಲ್ಲಿ. ವಿವರಣೆ, ಫೋಟೋ ಸಿಎಂಎಸ್‌ನಲ್ಲಿ. ನಾನು ಬುದ್ಧಿವಂತಿಕೆ ಮಾಡಿ ಎಲ್ಲವನ್ನೂ ಸಿಎಂಎಸ್‌ಗೆ ತಂದು ಸುರಿದೆ, ಪೇಜ್ ತೋರಿಸುವಾಗ ಒಂದೇ ಕಡೆಯಿಂದ ಓದಬಹುದಲ್ಲ ಅಂತ. ರಾತ್ರಿ ಒಂದು ಸಿಂಕ್, ಅಂದರೆ ಇನ್ವೆಂಟರಿಯಲ್ಲಿ ಇದ್ದದ್ದನ್ನು ಸಿಎಂಎಸ್‌ಗೆ ನಕಲು ಮಾಡುವ ಕೆಲಸ, ಓಡುತ್ತಿತ್ತು. ಮಾರ್ಕೆಟಿಂಗ್‌ನವರು ಹಗಲಲ್ಲಿ ಸಿಎಂಎಸ್‌ಗೆ ಹೋಗಿ ಹೆಸರನ್ನು ಚೆಂದ ಮಾಡುತ್ತಿದ್ದರು. ರಾತ್ರಿ ಸಿಂಕ್ ಬಂದು ಹಳೆಯ ಹೆಸರನ್ನೇ ಮತ್ತೆ ಕೂರಿಸುತ್ತಿತ್ತು. ಬೆಳಗ್ಗೆ ಅವರು ನೋಡಿ "ಯಾರೋ ನಮ್ಮ ಕೆಲಸ ಕೆಡಿಸ್ತಿದ್ದಾರೆ" ಅಂತ ಮತ್ತೆ ಸರಿಮಾಡುತ್ತಿದ್ದರು. ಮೂರು ವಾರ ಹೀಗೇ ನಡೆಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಇಲ್ಲಿ ಬಡವಾಗಿದ್ದು ಆ ಪೇಜ್.

ಅದಾದ ಮೇಲೆ ಕೋಡ್ ಮುಟ್ಟುವ ಮೊದಲು ಒಂದು ಹಾಳೆ ತೆಗೆದುಕೊಂಡು ಕೂರುವುದು ಅಭ್ಯಾಸ ಆಗಿದೆ. ಪ್ರತಿ ಫೀಲ್ಡ್ (ಮಾಹಿತಿ ತುಂಬುವ ಖಾನೆ) ಹೆಸರು ಬರೆದು ಅದರ ಮುಂದೆ ಯಜಮಾನನ ಹೆಸರು. ಒಂದು ಫೀಲ್ಡ್‌ಗೆ ಒಬ್ಬನೇ ಯಜಮಾನ. "ಇಬ್ಬರೂ ಬದಲಾಯಿಸಬಹುದು" ಅಂತ ಯಾರಾದರೂ ಮೀಟಿಂಗ್‌ನಲ್ಲಿ ಹೇಳಿದರೆ ನಾನು ಅಲ್ಲೇ ನಿಲ್ಲಿಸುತ್ತೇನೆ, ಅದಕ್ಕೆ ಸ್ವಲ್ಪ ಕೆಟ್ಟ ಹೆಸರೂ ಬಂದಿದೆ. ಇನ್ವೆಂಟರಿಗೆ ಸೇರಿದ ಹೆಸರನ್ನು ಸಿಎಂಎಸ್‌ನಲ್ಲಿ ತೋರಿಸಲೇಬೇಕು ಅಂದರೆ ಆ ಫೀಲ್ಡ್‌ಗೆ ಬೀಗ ಹಾಕಿ, ಓದಲು ಮಾತ್ರ ಬಿಡಿ. ಸ್ಟಾಕ್‌ನಂತಹ ಗಳಿಗೆಗೊಮ್ಮೆ ಬದಲಾಗುವ ಅಂಕಿಯನ್ನು ಸಿಎಂಎಸ್‌ಗೆ ತರಲೇಬೇಡಿ. ಸಿಎಂಎಸ್‌ನಲ್ಲಿ ಸಾಮಾನಿನ ಕೋಡ್ ಮಾತ್ರ ಇಟ್ಟು, ಸ್ಟಾಕನ್ನು ಪೇಜ್ ತೆರೆದಾಗ ನೇರವಾಗಿ ಇನ್ವೆಂಟರಿಯಿಂದ ಕೇಳಿ ತನ್ನಿ. ಮಾರ್ಕೆಟಿಂಗ್‌ಗೆ ಚೆಂದದ ಹೆಸರು ಬೇಕೇ ಬೇಕಾ? ಅದಕ್ಕೆ "ತೋರಿಸುವ ಹೆಸರು" ಅಂತ ಬೇರೆಯೇ ಒಂದು ಫೀಲ್ಡ್ ಮಾಡಿ ಕೊಡಿ. ಜಗಳ ಮುಗಿಯಿತು.

ಇನ್ನು ವೆಬ್‌ಹುಕ್. ಎಂಟ್ರಿ (ಸಿಎಂಎಸ್‌ನಲ್ಲಿರುವ ಒಂದು ಲೇಖನ ಅಥವಾ ದಾಖಲೆ) ಬದಲಾದ ತಕ್ಷಣ ಸಿಎಂಎಸ್ ನಮ್ಮ ವಿಳಾಸಕ್ಕೆ ಒಂದು ಎಚ್‌ಟಿಟಿಪಿ ರಿಕ್ವೆಸ್ಟ್, ಅಂದರೆ ವೆಬ್ ಮೂಲಕ ಒಂದು ಸಂದೇಶ, ಕಳಿಸುತ್ತದೆ, ಅಷ್ಟೇ ವಿಷಯ. ಸೆಟ್ಟಿಂಗ್ಸ್‌ನಲ್ಲಿ "ಎಲ್ಲಾ ಈವೆಂಟ್" ಅಂತ ಒಂದು ಆಯ್ಕೆ ಇರುತ್ತದೆ. ಅದನ್ನು ಮುಟ್ಟಬೇಡಿ. ಎಡಿಟರ್ ಟೈಪ್ ಮಾಡುತ್ತಿರುವಾಗ ತಾನಾಗೇ ಸೇವ್ ಆಗುತ್ತಲ್ಲ, ಅದೂ ಒಂದು ಈವೆಂಟೇ. ನಾನು ಒಮ್ಮೆ ಹಾಗೆ ಬಿಟ್ಟು, ಯಾರೋ ಅರ್ಧ ಬರೆದ ವಾಕ್ಯ ಸರ್ಚ್‌ನಲ್ಲಿ ಕಾಣಿಸಿಕೊಂಡು ಮುಜುಗರ ಆಗಿದೆ.

ವೆಬ್‌ಹುಕ್ ಬಗ್ಗೆ ನನಗೆ ಹೊಳೆದ ಒಂದು ಮಾತು: ಅದನ್ನು ಪತ್ರ ಅಂದುಕೊಳ್ಳಬೇಡಿ, ಬಾಗಿಲ ಬೆಲ್ ಅಂದುಕೊಳ್ಳಿ. ಯಾರೋ ಬಂದಿದ್ದಾರೆ ಅಂತ ಬೆಲ್ ಹೇಳುತ್ತದೆ. ಯಾರು ಅಂತ ನೀವೇ ಬಾಗಿಲು ತೆಗೆದು ನೋಡಬೇಕು. ಅಂದರೆ ವೆಬ್‌ಹುಕ್ ಒಳಗೆ ಬಂದ ಮಾಹಿತಿಯನ್ನು ಹಾಗೇ ಬಳಸದೆ, ಅದರಲ್ಲಿರುವ ಐಡಿ ಹಿಡಿದು ಸಿಎಂಎಸ್‌ನಿಂದ ಆ ಎಂಟ್ರಿಯ ಈಗಿನ ಸ್ಥಿತಿ ತರಿಸಿಕೊಳ್ಳುವುದು. ಯಾಕಂದರೆ ಬೆಲ್ ಎರಡು ಸಲ ಹೊಡೆಯಬಹುದು. ಮೊದಲು ಬಂದವರ ಬೆಲ್ ಆಮೇಲೆ ಕೇಳಿಸಬಹುದು. ಆನ್‌ಲೈನ್ ಪಾವತಿಯ ಸ್ಟ್ರೈಪ್‌ನವರು ತಮ್ಮ ದಾಖಲೆಯಲ್ಲೇ ಬರೆದಿದ್ದಾರೆ, ಈವೆಂಟ್‌ಗಳು ನಡೆದ ಕ್ರಮದಲ್ಲೇ ಬರುತ್ತವೆ ಅಂತ ನಂಬಬೇಡಿ ಅಂತ. ಅವರು ಸೋತ ಈವೆಂಟನ್ನು ಮೂರು ದಿನದವರೆಗೂ ಮತ್ತೆ ಮತ್ತೆ ಕಳಿಸುತ್ತಾರೆ. ಕೋಡ್ ಇಡುವ ತಾಣ ಗಿಟ್‌ಹಬ್ ಅದಕ್ಕೆ ಉಲ್ಟಾ: 10 ಸೆಕೆಂಡಿನಲ್ಲಿ ಉತ್ತರ ಕೊಡದಿದ್ದರೆ ಸೋತಿತು ಅಂತ ಬರೆದುಕೊಂಡು ಸುಮ್ಮನಾಗುತ್ತದೆ, ತಾನಾಗೇ ಇನ್ನೊಮ್ಮೆ ಕಳಿಸುವುದಿಲ್ಲ. ಎಲ್ಲರ ಸ್ವಭಾವವೂ ಬೇರೆ ಬೇರೆ, ಜೋಡಿಸುವ ಮುಂಚೆ ಆ ಒಂದು ಪುಟ ಓದಿಕೊಳ್ಳಿ.

ಹಾಗಾಗಿ ವೆಬ್‌ಹುಕ್ ಬಂದಾಗ ಮಾಡಬೇಕಾದ ಕೆಲಸ ಬಹಳ ಕಮ್ಮಿ. ಸಹಿ (ಕಳಿಸಿದವರು ಅವರೇ ಅನ್ನುವ ಗುರುತು) ಸರಿ ಇದೆಯಾ ನೋಡು, ಕ್ಯೂನಲ್ಲಿ, ಅಂದರೆ ಸರದಿಯಲ್ಲಿ, ಹಾಕು, 200 (ಮುಟ್ಟಿತು) ಅಂತ ಉತ್ತರ ಕೊಟ್ಟು ಕಳಿಸು. ನಿಜವಾದ ಕೆಲಸ ಆಮೇಲೆ, ಹಿಂದುಗಡೆ, ನಿಧಾನಕ್ಕೆ.

ಒಂದು ಕೊಕ್ಕೆ ಇದೆ. ಈಗಿನ ಸ್ಥಿತಿ ತರಿಸಿಕೊಳ್ಳಿ ಅಂದೆನಲ್ಲ, ಓದುವ ಎಪಿಐ ಸಾಮಾನ್ಯವಾಗಿ ಸಿಡಿಎನ್ (ನಕಲು ಇಟ್ಟುಕೊಂಡು ಬೇಗ ಕೊಡುವ ಸರ್ವರ್‌ಗಳ ಜಾಲ) ಹಿಂದೆ ಇರುತ್ತದೆ. ನೀವು ಬೆಲ್ ಕೇಳಿದ ತಕ್ಷಣ ಓಡಿಹೋಗಿ ಕೇಳಿದರೆ ಒಂದೆರಡು ಸೆಕೆಂಡ್ ಹಳೆಯದೇ ಸಿಗಬಹುದು. ವೆಬ್‌ಹುಕ್‌ನಲ್ಲಿ ಬಂದ ವರ್ಷನ್ ನಂಬರ್ (ಎಷ್ಟನೇ ಬದಲಾವಣೆ ಅನ್ನುವ ಲೆಕ್ಕ) 14, ಓದಿದ್ದು 13 ಅಂತಾದರೆ ಸ್ವಲ್ಪ ಕಾದು ಮತ್ತೆ ಕೇಳಿ. ಈ ಒಂದು ಸಾಲಿನ ಚೆಕ್ ಇಲ್ಲದೆ ನಾನು ಒಂದು ವಾರ ತಲೆ ಕೆರೆದುಕೊಂಡಿದ್ದೇನೆ. ಯಾವಾಗಲೂ ಒಂದು ಹೆಜ್ಜೆ ಹಿಂದೆ ಇರುವ ಸರ್ಚ್ ನೋಡಿ ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು.

ಸಹಿಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಎಚ್‌ಮ್ಯಾಕ್ ಅನ್ನುವ ವಿಧಾನ ಬಳಸುತ್ತಾರೆ, 1997ರ ಆರ್‌ಎಫ್‌ಸಿ (ಇಂಟರ್ನೆಟ್ ವಿಧಾನಗಳ ದಾಖಲೆ), ಹಳೆಯದು, ಗಟ್ಟಿ. ಇಬ್ಬರಿಗೂ ಗೊತ್ತಿರುವ ಒಂದು ಗುಟ್ಟಿನ ಪದ ಮತ್ತು ಬಂದ ಮೆಸೇಜ್ ಸೇರಿಸಿ ಒಂದು ಹ್ಯಾಶ್, ಅಂದರೆ ಒಂದಕ್ಷರ ಬದಲಾದರೂ ಬದಲಾಗುವ ಪುಟ್ಟ ಗುರುತು, ಮಾಡುವುದು. ಇಲ್ಲಿ ನಾನು ಮಾಡಿದ ತಪ್ಪು ಏನಂದರೆ, ಬಂದ ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಬರೆಯುವ ಒಂದು ರೂಪ) ಅನ್ನು ಮೊದಲು ಪಾರ್ಸ್ ಮಾಡಿ, ಅಂದರೆ ಬಿಡಿಸಿ, ಅದನ್ನು ಮತ್ತೆ ಜೇಸನ್ ಮಾಡಿ ಹ್ಯಾಶ್ ಲೆಕ್ಕ ಹಾಕಿದ್ದು. ಸ್ಪೇಸ್‌ಗಳು ತಾಳೆಯಾಗಲಿಲ್ಲ, ಅದನ್ನು ಹೇಗೋ ಸರಿಮಾಡಿದೆ. ಇಂಗ್ಲಿಷ್ ಟೆಸ್ಟ್‌ಗಳೆಲ್ಲ ಪಾಸ್. ಮೊದಲ ಕನ್ನಡ ಶೀರ್ಷಿಕೆ ಬಂದದ್ದೇ ತಡ, ಸಹಿ ತಪ್ಪು. ಪೈಥಾನ್ ಭಾಷೆಯ ಜೇಸನ್ ಲೈಬ್ರರಿ ನೀವು ಹೇಳದಿದ್ದರೆ ಕನ್ನಡ ಅಕ್ಷರಗಳನ್ನೆಲ್ಲ ಬ್ಯಾಕ್‌ಸ್ಲ್ಯಾಶ್-ಯು ಕೋಡ್ ಮಾಡಿ ಬರೆಯುತ್ತದೆ. ಕಳಿಸಿದವರು ಅಕ್ಷರವನ್ನು ಹಾಗೇ ಕಳಿಸಿದ್ದರು. ಅರ್ಥ ಒಂದೇ, ಬೈಟ್‌ಗಳು ಬೇರೆ. ಪಾಠ ಸಿಂಪಲ್: ಸಹಿಯನ್ನು ಬಂದ ಬೈಟ್‌ಗಳ ಮೇಲೇ ನೋಡಿ, ಪಾರ್ಸ್ ಆಮೇಲೆ.

ಈಗ ನನ್ನ ಮಾನ ಕಳೆದ ಕಥೆ.

ಒಂದು ಸೈಟ್‌ನಲ್ಲಿ ಎರಡು ಭಾಷೆ ಇತ್ತು. ಎಡಿಟರ್ ಒಂದು ಭಾಷೆಯಲ್ಲಿ ಬರೆದು ಪಬ್ಲಿಶ್ ಮಾಡಿದರೆ ಇನ್ನೊಂದು ಭಾಷೆಗೆ ತಾನಾಗೇ ಅನುವಾದ ಆಗಿ ಬರಬೇಕು, ಆಮೇಲೆ ಮನುಷ್ಯರು ತಿದ್ದುತ್ತಾರೆ. ನಾನು ಬರೆದ ಸೇತುವೆ ಕೋಡ್ ಹೀಗಿತ್ತು: ಪಬ್ಲಿಶ್ ಆಯಿತು ಅಂತ ವೆಬ್‌ಹುಕ್ ಬಂದರೆ ಪಠ್ಯವನ್ನು ಅನುವಾದದ ಸೇವೆಗೆ ಕಳಿಸು, ಬಂದ ಅನುವಾದವನ್ನು ಅದೇ ಎಂಟ್ರಿಯ ಎರಡನೇ ಭಾಷೆಯ ಫೀಲ್ಡ್‌ನಲ್ಲಿ ಬರೆ, ಪಬ್ಲಿಶ್ ಮಾಡು. ಎಲ್ಲಿ ಎಡವಿದೆ ಅಂತ ನಿಮಗೆ ಈಗಲೇ ಗೊತ್ತಾಗಿರಬೇಕು. ನನಗೆ ಗೊತ್ತಾಗಿದ್ದು ಮಾರನೇ ದಿನ ಬೆಳಗ್ಗೆ. ನಾನು ಪಬ್ಲಿಶ್ ಮಾಡಿದೆ, ಅದಕ್ಕೆ ವೆಬ್‌ಹುಕ್ ಬಂತು, ಅದಕ್ಕೆ ಮತ್ತೆ ಅನುವಾದ, ಮತ್ತೆ ಪಬ್ಲಿಶ್, ಮತ್ತೆ ವೆಬ್‌ಹುಕ್. ನಾನು ನಿದ್ದೆ ಮಾಡುತ್ತಿದ್ದೆ, ಗಾಣದ ಎತ್ತು ಸುತ್ತುತ್ತಿತ್ತು. ಬೆಳಗ್ಗೆ ನೋಡಿದರೆ ಒಂದೇ ಲೇಖನದ ವರ್ಷನ್ ನಂಬರ್ ನಾಲ್ಕಂಕಿ ದಾಟಿತ್ತು. ಅನುವಾದದ ಸೇವೆಯವರು ಅಕ್ಷರಕ್ಕೆ ಇಷ್ಟು ಅಂತ ಬಿಲ್ ಹಾಕುವವರು. ನ್ಯೂಸ್‌ಲೆಟರ್ ಅವತ್ತು ಜೋಡಿಸಿರಲಿಲ್ಲ, ಅದೊಂದು ಪುಣ್ಯ.

ಇನ್ನೂ ಒಂದು ಹಾನಿ ಆಗಿತ್ತು, ಅದು ಕೆಲವು ದಿನ ಕಳೆದ ಮೇಲೆ ತಿಳಿಯಿತು. ಮನುಷ್ಯರು ತಿದ್ದಿದ ಅನುವಾದಗಳ ಮೇಲೆ ಯಂತ್ರದ ಅನುವಾದ ಮತ್ತೆ ಬಂದು ಕೂತಿತ್ತು. ಬಿಲ್‌ಗಿಂತ ಅದೇ ಜಾಸ್ತಿ ನೋವು ಕೊಟ್ಟಿತು. ತಿದ್ದಿದವರ ಮುಖ ನೋಡುವುದು ಕಷ್ಟವಾಯಿತು.

ಈಗ ಅದೇ ಕೋಡ್‌ನಲ್ಲಿ ಮೂರು ತಡೆ ಇವೆ. ಯಂತ್ರ ಬರೆಯುವುದಕ್ಕೆ ಬೇರೆ ಅಕೌಂಟ್, ಆ ಅಕೌಂಟ್ ಮಾಡಿದ ಪಬ್ಲಿಶ್‌ಗೆ ಸೇತುವೆ ಕಿವಿ ಕೊಡುವುದಿಲ್ಲ. ಅದು ಸಾಲದು, ಯಾಕಂದರೆ ಎಡಿಟರ್ ಸುಮ್ನೆ ಒಂದು ಟ್ಯಾಗ್ ಬದಲಿಸಿ ಪಬ್ಲಿಶ್ ಮಾಡಿದರೂ ಅನುವಾದ ಮತ್ತೆ ಹೋಗುತ್ತಿತ್ತು. ಅದಕ್ಕೆ ಮೂಲ ಭಾಷೆಯ ಪಠ್ಯದ್ದು ಒಂದು ಹ್ಯಾಶ್ ಮಾಡಿ ಇಟ್ಟುಕೊಳ್ಳುತ್ತೇನೆ, ಹ್ಯಾಶ್ ಬದಲಾಗದಿದ್ದರೆ ಅನುವಾದ ಇಲ್ಲ. ಇನ್ನು ಮನುಷ್ಯ ಕೈಯಿಟ್ಟ ಅನುವಾದಕ್ಕೆ ಒಂದು ಗುರುತು. ಅದಿದ್ದರೆ ಯಂತ್ರ ಬರೆಯುವ ಹಾಗಿಲ್ಲ, "ಮೂಲ ಬದಲಾಗಿದೆ, ನೋಡಿ" ಅಂತ ಒಂದು ಸೂಚನೆ ಬಿಟ್ಟು ಹೋಗಬೇಕು. ನೋಡಿ, ಮತ್ತೆ ಯಜಮಾನನ ಪ್ರಶ್ನೆಯೇ. ತಿದ್ದುವ ಮೊದಲು ಆ ಫೀಲ್ಡ್ ಯಂತ್ರದ್ದು, ತಿದ್ದಿದ ಕ್ಷಣದಿಂದ ಮನುಷ್ಯರದ್ದು.

ಬರೆಯುವಾಗ ವರ್ಷನ್ ನಂಬರ್ ಕೇಳುವ ಸಿಎಂಎಸ್‌ಗಳು ನನಗೆ ಇಷ್ಟ. ಕಾಂಟೆಂಟ್‌ಫುಲ್‌ನಲ್ಲಿ ಎಂಟ್ರಿ ಬದಲಿಸುವಾಗ ನೀವು ಯಾವ ವರ್ಷನ್ ನೋಡಿ ಬದಲಿಸುತ್ತಿದ್ದೀರಿ ಅಂತ ರಿಕ್ವೆಸ್ಟ್‌ನ ಹೆಡರ್‌ನಲ್ಲಿ ಹೇಳಬೇಕು. ಅಷ್ಟರಲ್ಲಿ ಬೇರೆ ಯಾರೋ ಬದಲಿಸಿದ್ದರೆ 409 ಅನ್ನುವ ಎರರ್ ಕೊಟ್ಟು ಬಾಗಿಲು ಹಾಕುತ್ತದೆ. ಮೊದಲ ಸಲ ಆ 409 ನೋಡಿದಾಗ ಸಿಟ್ಟು ಬರುತ್ತದೆ. ಸುತ್ತುಬಳಸಿ ದಾಟಿಸಲು ಹೋಗಬೇಡಿ, ಹೊಸದನ್ನು ಓದಿ, ನಿಮ್ಮ ಫೀಲ್ಡ್ ಮಾತ್ರ ಬದಲಿಸಿ, ಮತ್ತೆ ಕಳಿಸಿ.

ಸರ್ಚ್ ಜೋಡಿಸುವುದು ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಇಂಗ್ಲಿಷ್ ಸೈಟಿಗೆ ಸುಲಭವೇ. ಕನ್ನಡ ಬರಹ ಇರುವ ಸೈಟಿಗೆ ಜೋಡಿಸಿದಾಗ ನನಗೆ ಎರಡು ಪಾಠ ಆಯಿತು. ಮೊದಲನೆಯದು ಅಳತೆ. ಅಲ್ಗೋಲಿಯಾ ತರಹದ ಸರ್ಚ್ ಸೇವೆಗಳಲ್ಲಿ ಒಂದು ರೆಕಾರ್ಡ್ ಇಷ್ಟು ಕಿಲೋಬೈಟ್ ಮೀರಬಾರದು ಅಂತ ಮಿತಿ ಇರುತ್ತದೆ. ಮಿತಿ ಬೈಟ್‌ಗಳಲ್ಲಿ, ಅಕ್ಷರಗಳಲ್ಲಿ ಅಲ್ಲ. ಅಕ್ಷರಗಳನ್ನು ಬೈಟ್ ಮಾಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಒತ್ತಕ್ಷರ ಬಂದರೆ ಮೂರು ಸಂಕೇತ ಸೇರಿ 9 ಬೈಟ್. ಇಂಗ್ಲಿಷ್‌ನಲ್ಲಿ ಆರಾಮಾಗಿ ಹಿಡಿಸುವ ಉದ್ದದ ಲೇಖನ ಕನ್ನಡದಲ್ಲಿ ಮಿತಿ ಒದ್ದುಕೊಂಡು ಹೊರಗೆ ಬರುತ್ತದೆ. ಅದಕ್ಕೆ ಲೇಖನವನ್ನು ಪ್ಯಾರಾ ಪ್ಯಾರಾ ಮಾಡಿ ಕಳಿಸಿ, ಫಲಿತಾಂಶ ತೋರಿಸುವಾಗ ಒಂದು ಲೇಖನಕ್ಕೆ ಒಂದೇ ಸಾಲು ಬರುವ ಹಾಗೆ ಗುಂಪು ಮಾಡಬೇಕು. ಅದೇ ಕಾರಣಕ್ಕೆ ಪೇಜಿನ ವಿಳಾಸದಲ್ಲಿ ಕನ್ನಡ ಹಾಕಬೇಕಾ ಅಂತಲೂ ಯೋಚಿಸಿ. "ಕನ್ನಡ" ಅನ್ನುವ ಪುಟ್ಟ ಪದ ಯುಆರ್‌ಎಲ್‌ನಲ್ಲಿ ಪರ್ಸೆಂಟ್ ಗುರುತುಗಳ ಜೊತೆ 45 ಅಕ್ಷರ ಆಗುತ್ತದೆ, ವಿಳಾಸದ ಫೀಲ್ಡ್‌ಗೆ ಮಿತಿ ಇಟ್ಟಿರುವ ಆ್ಯಪ್ ಅದನ್ನು ನಡುವೆ ಕತ್ತರಿಸಿ ಬಿಸಾಡುತ್ತದೆ.

ಎರಡನೆಯ ಪಾಠ ಕಣ್ಣಿಗೆ ಕಾಣದ್ದು, ನಿಜವಾಗಲೂ ಕಾಣದ್ದು. "ಸಾಫ್ಟ್‌ವೇರ್" ಅಂತ ಹುಡುಕಿದರೆ ಲೇಖನ ಸಿಗುತ್ತಿಲ್ಲ ಅಂತ ದೂರು ಬಂತು. ಲೇಖನದಲ್ಲಿ ಪದ ಇದೆ, ಇಂಡೆಕ್ಸ್‌ನಲ್ಲೂ ಇದೆ, ಹುಡುಕಿದರೆ ಸಿಗಲ್ಲ. ಅರ್ಧ ದಿನ ಹೋಯಿತು. ಕೊನೆಗೆ ಬೈಟ್‌ಗಳನ್ನು ಬಿಡಿಸಿ ನೋಡಿದರೆ, "ಟ್" ಮತ್ತು "ವೇ" ನಡುವೆ ಜೀರೋ ವಿಡ್ತ್ ನಾನ್ ಜಾಯಿನರ್ ಅನ್ನುವ ಅದೃಶ್ಯ ಸಂಕೇತ ಇತ್ತು. ವ ಅಕ್ಷರ ಒತ್ತಾಗಿ ಕೆಳಗೆ ಹೋಗದಂತೆ ತಡೆಯುವುದು ಅದೇ. ಬರೆದವರ ಕೀಬೋರ್ಡ್ ಅದನ್ನು ಹಾಕಿತ್ತು, ಹುಡುಕಿದವರ ಫೋನ್ ಹಾಕಿರಲಿಲ್ಲ, ನಡುವೆ ಇದ್ದ ಒಂದು ಫಾರ್ಮ್ ಆ್ಯಪ್ ಇದ್ದದ್ದನ್ನೂ ಕಿತ್ತು ಹಾಕುತ್ತಿತ್ತು. "ರ‍್ಯಾಂಕ್" ತರಹದ ಪದಗಳಲ್ಲೂ ಇದೇ ಕಥೆ, ಅಲ್ಲಿ ಇರುವುದು ಜಾಯಿನರ್. ಈಗ ಏನು ಮಾಡುತ್ತೇನೆ ಅಂದರೆ, ಓದುಗರಿಗೆ ತೋರಿಸುವ ಪಠ್ಯ ಮುಟ್ಟುವುದಿಲ್ಲ. ಹುಡುಕುವುದಕ್ಕೇ ಅಂತ ಇನ್ನೊಂದು ಫೀಲ್ಡ್ ಇಟ್ಟು ಅದರಲ್ಲಿ ಈ ಅದೃಶ್ಯ ಸಂಕೇತಗಳನ್ನು ತೆಗೆದು ತುಂಬುತ್ತೇನೆ, ಹುಡುಕುವವರು ಟೈಪ್ ಮಾಡಿದ್ದರಿಂದಲೂ ತೆಗೆಯುತ್ತೇನೆ. ಎರಡೂ ಕಡೆ ಒಂದೇ ಶಾಸ್ತ್ರ.

ನ್ಯೂಸ್‌ಲೆಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಿಎಂಎಸ್ ಪಠ್ಯವನ್ನು ಜೇಸನ್ ಆಗಿ ಇಡುತ್ತದೆ, ಮೇಲ್‌ಗೆ ಅಜ್ಜನ ಕಾಲದ ಟೇಬಲ್ ಇರುವ ಎಚ್‌ಟಿಎಂಎಲ್ ಬೇಕು, ನಡುವಿನ ಅನುವಾದಕ ನೀವೇ. ಪೂರ್ತಿ ಲೇಖನ ತುರುಕಬೇಡಿ. ಜಿಮೇಲ್ ಸುಮಾರು 102 ಕಿಲೋಬೈಟ್ ದಾಟಿದ ಮೇಲ್ ಅನ್ನು ಕತ್ತರಿಸಿ "ಪೂರ್ತಿ ನೋಡಿ" ಅಂತ ಲಿಂಕ್ ಹಾಕುತ್ತದೆ. ಕನ್ನಡದ 3 ಬೈಟ್ ಇಲ್ಲೂ ಕಾಡುತ್ತದೆ, ಅನ್‌ಸಬ್‌ಸ್ಕ್ರೈಬ್ ಲಿಂಕ್ ಕೊನೆಯಲ್ಲಿ ಇರುವುದರಿಂದ ಅದೇ ಮಾಯ.

ರೇಟ್ ಲಿಮಿಟ್, ಅಂದರೆ ಇಷ್ಟು ಹೊತ್ತಿಗೆ ಇಷ್ಟೇ ರಿಕ್ವೆಸ್ಟ್ ಅನ್ನುವ ಮಿತಿ, ಸಣ್ಣ ಪ್ರಾಜೆಕ್ಟ್‌ನಲ್ಲಿ ಕಾಣುವುದೇ ಇಲ್ಲ. ಹಳೆಯದನ್ನೆಲ್ಲ ಒಟ್ಟಿಗೆ ಬದಲಿಸುವ ದಿನ ಎದುರಾಗುತ್ತದೆ. ಕಾಂಟೆಂಟ್‌ಫುಲ್‌ನ ಬರೆಯುವ ಎಪಿಐಗೆ ಮಾಮೂಲಿ ಮಿತಿ ಸೆಕೆಂಡಿಗೆ 7 ರಿಕ್ವೆಸ್ಟ್, ಪ್ಲಾನ್ ನೋಡಿ ಹೆಚ್ಚೂ ಇರಬಹುದು. 8000 ಎಂಟ್ರಿ ಬದಲಿಸಬೇಕು ಅಂದುಕೊಳ್ಳಿ. ಒಂದೊಂದಕ್ಕೂ ಬರೆಯಲು ಒಂದು, ಪಬ್ಲಿಶ್ ಮಾಡಲು ಒಂದು, ಒಟ್ಟು 16,000 ರಿಕ್ವೆಸ್ಟ್. ಒಂದೂ ತಪ್ಪದೆ ಓಡಿದರೂ 38 ನಿಮಿಷ. ಅಷ್ಟೂ ಹೊತ್ತು ಎಡಿಟರ್‌ಗಳು ಕೆಲಸ ಮಾಡುತ್ತಿರುತ್ತಾರೆ, ಪ್ರತಿ ಪಬ್ಲಿಶ್‌ಗೂ ನಿಮ್ಮದೇ ವೆಬ್‌ಹುಕ್ ಬಂದು ಬೀಳುತ್ತಿರುತ್ತದೆ. ಮಿತಿ ಮೀರಿದರೆ 429 ಬರುತ್ತದೆ. ಆಗ ಕಾಯಬೇಕು, ಪ್ರತಿ ಸಲ ಹೆಚ್ಚು ಹೆಚ್ಚು ಕಾಯಬೇಕು, ಜೊತೆಗೆ ಕಾಯುವ ಹೊತ್ತಿನಲ್ಲಿ ಸ್ವಲ್ಪ ಏರುಪೇರು ಇರಬೇಕು. ಇಲ್ಲದಿದ್ದರೆ ಎಲ್ಲ ವರ್ಕರ್‌ಗಳೂ (ಕೆಲಸ ಹಂಚಿಕೊಂಡ ಪ್ರೋಗ್ರಾಂಗಳು) ಒಟ್ಟಿಗೆ ಸುಮ್ಮನಾಗಿ, ಒಟ್ಟಿಗೆ ಎದ್ದು, ಒಟ್ಟಿಗೆ ಬಾಗಿಲಿಗೆ ನುಗ್ಗಿ ಮತ್ತೆ ಒಟ್ಟಿಗೆ ಬಿದ್ದುಕೊಳ್ಳುತ್ತವೆ.

ಟೋಕನ್ (ಆ್ಯಪ್‌ಗಳು ಒಳಗೆ ಬರಲು ತೋರಿಸುವ ಕೀ) ವಿಷಯದಲ್ಲಿ ನನಗೆ ಒಂದೇ ಅನುಭವ, ಅದು ಸಾಕು. ಒಂದು ಶುಕ್ರವಾರ ಎಲ್ಲ ಜೋಡಣೆಗಳೂ ಒಟ್ಟಿಗೆ ನಿಂತವು. 401, 401, 401, ಅಂದರೆ ನಿಮ್ಮ ಗುರುತು ಒಪ್ಪುವುದಿಲ್ಲ. ಕಾರಣ? ಎರಡು ವರ್ಷದ ಹಿಂದೆ ಯಾರೋ ಸಹೋದ್ಯೋಗಿ ತನ್ನ ಸ್ವಂತ ಅಕೌಂಟಿನಿಂದ ಟೋಕನ್ ಮಾಡಿಕೊಟ್ಟಿದ್ದರು. ಅವರು ಕೆಲಸ ಬಿಟ್ಟರು, ನಿಯಮದ ಪ್ರಕಾರ ಅಕೌಂಟ್ ಮುಚ್ಚಿದರು, ಟೋಕನ್ ಸತ್ತಿತು. ಯಾರದೂ ತಪ್ಪಿಲ್ಲ. ಅಂದಿನಿಂದ ಯಂತ್ರದ ಕೆಲಸಕ್ಕೆ ಯಂತ್ರದ ಅಕೌಂಟೇ, ಒಂದೊಂದು ಆ್ಯಪ್‌ಗೂ ಬೇರೆ ಬೇರೆ ಟೋಕನ್, ಓದುವವರಿಗೆ ಓದುವ ಟೋಕನ್ ಮಾತ್ರ. ಬರೆಯುವ ಟೋಕನ್ ಬ್ರೌಸರ್‌ಗೆ ಹೋಗುವ ಜಾವಾಸ್ಕ್ರಿಪ್ಟ್‌ನಲ್ಲಿ ಸೇರಿಕೊಂಡರೆ ಮನೆಯ ಬೀಗದ ಕೈ ಬಾಗಿಲಿಗೇ ನೇತುಹಾಕಿದ ಹಾಗೆ. ಅದನ್ನು ಮಾಡಿದ ಸೈಟ್‌ಗಳನ್ನು ನಾನು ನೋಡಿದ್ದೇನೆ.

ಎಲ್ಲರೂ ಪಬ್ಲಿಶ್ ಬಗ್ಗೆ ಯೋಚಿಸುತ್ತಾರೆ, ತೆಗೆದುಹಾಕುವುದರ ಬಗ್ಗೆ ಯೋಚಿಸುವುದಿಲ್ಲ. ತಪ್ಪು ಮಾಹಿತಿ ಇದೆ ಅಂತ ಎಡಿಟರ್ ಒಂದು ಲೇಖನವನ್ನು ಅನ್‌ಪಬ್ಲಿಶ್ ಮಾಡುತ್ತಾರೆ. ಸೈಟ್‌ನಿಂದ ಹೋಯಿತು. ಸರ್ಚ್‌ನಲ್ಲಿ ಇದೆ, ಆ್ಯಪ್‌ನಲ್ಲಿ ಇದೆ, ಸಂಜೆಯ ಮೇಲ್‌ಗೆ ತಯಾರಾಗಿ ಕೂತಿದೆ. ಬರಬೇಕಾದದ್ದು ತಡವಾಗಿ ಬಂದರೆ ಬೈಗುಳ, ಹೋಗಬೇಕಾದದ್ದು ಉಳಿದರೆ ಕೆಲವೊಮ್ಮೆ ವಕೀಲರ ಪತ್ರ. ಹಾಗಾಗಿ ಮೊದಲು ಬರೆಯುವ ಟೆಸ್ಟ್ ಅದೇ ಆಗಿರಲಿ. ಇದರ ಜೊತೆಗೆ ವೆಬ್‌ಹುಕ್ ಎಷ್ಟೇ ಚೆನ್ನಾಗಿದ್ದರೂ ರಾತ್ರಿ ಒಂದು ತಾಳೆ ನೋಡುವ ಕೆಲಸ ಓಡಿಸುತ್ತೇನೆ. ಸಿಎಂಎಸ್‌ನಲ್ಲಿ ಪಬ್ಲಿಶ್ ಆದ ಐಡಿಗಳ ಪಟ್ಟಿ, ಸರ್ಚ್‌ನಲ್ಲಿರುವ ಐಡಿಗಳ ಪಟ್ಟಿ, ಎರಡನ್ನೂ ಎದುರುಬದುರು ಇಟ್ಟು ವ್ಯತ್ಯಾಸ ಸರಿಮಾಡುವುದು. ಹದಿನೈದು ನಿಮಿಷದ ಕೋಡ್, ನನ್ನ ಎಷ್ಟೋ ಭಾನುವಾರಗಳನ್ನು ಉಳಿಸಿದೆ.

ಕ್ಯಾಶ್ (ಬೇಗ ಕೊಡಲು ಇಟ್ಟುಕೊಂಡ ನಕಲು) ಬಗ್ಗೆ ಒಂದು ಗಾದೆಯಲ್ಲಿ ಮುಗಿಸಬಹುದು: ದೇವರು ವರ ಕೊಟ್ಟರೂ ಪೂಜಾರಿ ಕೊಡ. ಸಿಎಂಎಸ್ ಕೊಟ್ಟಿದೆ, ಸರ್ವರ್ ಕೊಟ್ಟಿದೆ, ನಡುವೆ ಕೂತ ಸಿಡಿಎನ್ ಹಳೆಯ ಪೇಜನ್ನೇ ಹಿಡಿದುಕೊಂಡಿದೆ. ಮೇಡಂ ಅವರ "ಕಾಣಿಸ್ತಿಲ್ಲ" ಮೆಸೇಜ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಪೂಜಾರಿಯ ಕೆಲಸ. ಎಂಟ್ರಿ ಬದಲಾದಾಗ ಅದು ಇರುವ ಪೇಜ್ ಮಾತ್ರ ಅಲ್ಲ, ಅದರ ಶೀರ್ಷಿಕೆ ಕಾಣುವ ಪಟ್ಟಿ ಪೇಜ್‌ಗಳನ್ನೂ ಕ್ಯಾಶ್‌ನಿಂದ ತೆಗೆಯಬೇಕು. ಪೇಜ್‌ಗಳಿಗೆ ಎಂಟ್ರಿ ಐಡಿಯ ಟ್ಯಾಗ್ ಹಾಕಿ, ಆ ಟ್ಯಾಗ್ ಇರುವುದನ್ನೆಲ್ಲ ಒಟ್ಟಿಗೆ ತೆಗೆ ಅಂತ ಹೇಳುವ ಸೌಲಭ್ಯ ಫಾಸ್ಟ್ಲಿ, ಕ್ಲೌಡ್‌ಫ್ಲೇರ್ ಎರಡೂ ಸಿಡಿಎನ್‌ಗಳಲ್ಲಿ ಇದೆ.

ಜಾಪಿಯರ್, ಮೇಕ್, ಎನ್‌ಎಯ್ಟ್‌ಎನ್ ತರಹದ ಕೋಡ್ ಬೇಡದ ಸಾಧನಗಳನ್ನು ಬಳಸಬಹುದಾ ಅಂತ ಕೇಳುತ್ತಾರೆ. ಬಳಸಿ. ಫಾರ್ಮ್ ತುಂಬಿದರೆ ಶೀಟ್‌ಗೆ ಒಂದು ಸಾಲು ಸೇರಲಿ, ಹೊಸ ಲೇಖನ ಬಂದರೆ ತಂಡದ ಚಾಟ್‌ಗೆ ಒಂದು ಮೆಸೇಜ್ ಹೋಗಲಿ, ಇಂಥದ್ದಕ್ಕೆ ಕೋಡ್ ಬರೆಯುವುದೇ ದಂಡ. ಜಾಪಿಯರ್‌ನ ಉಚಿತ ಪ್ಲಾನ್‌ನಲ್ಲಿ ಹೊಸದೇನಾದರೂ ಇದೆಯಾ ಅಂತ ನೋಡುವುದು 15 ನಿಮಿಷಕ್ಕೊಮ್ಮೆ ಅನ್ನುವುದು ಮಾತ್ರ ನೆನಪಿರಲಿ. ಆದರೆ ಸಿಎಂಎಸ್‌ಗೆ ವಾಪಸ್ ಬರೆಯುವ ಕೆಲಸ ಇದ್ದರೆ ನಾನು ಅದನ್ನು ಅಲ್ಲಿ ಇಡುವುದಿಲ್ಲ. ನನ್ನ ಗಾಣದ ಎತ್ತಿನ ಕಥೆ ಅಲ್ಲಿ ಆಗಿದ್ದರೆ ಹುಡುಕಲು ಇನ್ನೂ ಎರಡು ದಿನ ಬೇಕಾಗುತ್ತಿತ್ತು.

ಬೇರೆಯವರ ಆ್ಯಪ್ ಬೇರೆಯವರದ್ದು, ಅವರು ಯಾವಾಗ ಬೇಕಾದರೂ ಅಂಗಡಿ ಮುಚ್ಚಬಹುದು. ಗೂಗಲ್ ಸೈಟಿಗೆ ಬಂದವರನ್ನು ಎಣಿಸುವ ತನ್ನ ಯೂನಿವರ್ಸಲ್ ಅನಾಲಿಟಿಕ್ಸ್‌ನಲ್ಲಿ ಮಾಮೂಲಿ ಖಾತೆಗಳ ಲೆಕ್ಕ ಹಿಡಿಯುವುದನ್ನು 2023ರ ಜುಲೈ 1ರಿಂದ ನಿಲ್ಲಿಸಿತು, ಮೊದಲೇ ಹೇಳಿಯೇ ನಿಲ್ಲಿಸಿತು. ಅದರ ಕೋಡ್ ಒಂದೇ ಕಡೆ ಇದ್ದವರು ಒಂದು ಸಾಲು ಬದಲಿಸಿದರು. ಲೇಖನಗಳ ಒಳಗೇ ಸ್ಕ್ರಿಪ್ಟ್ ತುಣುಕು ಅಂಟಿಸಿಕೊಂಡಿದ್ದವರು ಒಂದೊಂದೇ ತೆರೆದು ಕಿತ್ತರು. ಹಾಗಾಗಿ ನಾನು ಎಡಿಟರ್‌ಗಳಿಗೆ ಎಂಬೆಡ್ ಕೋಡ್ (ಬೇರೆಯವರ ವಿಡಿಯೋ ಇತ್ಯಾದಿ ತೋರಿಸುವ ತುಣುಕು) ಅಂಟಿಸುವ ಫೀಲ್ಡ್ ಕೊಡುವುದೇ ಇಲ್ಲ. ವಿಡಿಯೋ ಬೇಕಾ, ವಿಡಿಯೋ ಐಡಿ ಹಾಕಿ. ಅದನ್ನು ಹೇಗೆ ತೋರಿಸಬೇಕು ಅನ್ನುವುದು ಸೈಟ್‌ನ ತಲೆನೋವು. ಸರ್ಚ್ ಸೇವೆಯ ಹೆಸರೂ ನನ್ನ ಕೋಡ್‌ನಲ್ಲಿ ಒಂದೇ ಫೈಲ್‌ನಲ್ಲಿ ಇದೆ.

ಇಷ್ಟೆಲ್ಲ ಮಾಡಿದ ಮೇಲೂ "ಕಾಣಿಸ್ತಿಲ್ಲ" ಮೆಸೇಜ್ ಬರುತ್ತಲೇ ಇತ್ತು. ಲಾಗ್ (ಏನೇನಾಯಿತು ಅನ್ನುವ ದಾಖಲೆ) ಎಲ್ಲ ಇತ್ತು, ಆದರೆ ನೋಡಲು ಬರುತ್ತಿದ್ದದ್ದು ನನಗೆ ಮಾತ್ರ. ಈ ಸಿಎಂಎಸ್‌ಗಳಲ್ಲಿ ಎಡಿಟರ್ ಪರದೆಯ ಪಕ್ಕಕ್ಕೆ ನಿಮ್ಮದೇ ಒಂದು ಸಣ್ಣ ಆ್ಯಪ್ ಕೂರಿಸಬಹುದು. ಹೋದ ತಿಂಗಳು ಕೂತು ಅದನ್ನು ಮಾಡಿದೆ. ದೊಡ್ಡದೇನಲ್ಲ, ನಾಲ್ಕು ಸಾಲು: ಸೈಟ್, ಸರ್ಚ್, ಮೇಲ್, ಆ್ಯಪ್. ಪ್ರತಿಯೊಂದರ ಮುಂದೆ ಒಂದು ಚುಕ್ಕೆ, ಮುಟ್ಟಿದ ಹೊತ್ತು, ಮುಟ್ಟದಿದ್ದರೆ "ಮತ್ತೆ ಕಳಿಸಿ" ಅಂತ ಒಂದು ಬಟನ್. ಇಷ್ಟು ವರ್ಷ ಯಾಕೆ ಮಾಡಲಿಲ್ಲ ಅಂತ ನನಗೇ ನಾಚಿಕೆ.

ನಿನ್ನೆ ಮೇಡಂ ಅವರ ಮೆಸೇಜ್ ಬಂತು. "ಸರ್ಚ್ ಹಸಿರಾಗಿದೆ, ಮೇಲ್ ಮಾತ್ರ ಕೆಂಪು. ಎರಡು ಸಲ ಒತ್ತಿ ನೋಡಿದೆ. ಅರ್ಜೆಂಟ್ ಇಲ್ಲ, ಸಂಜೆ ಒಳಗೆ ನೋಡಿದ್ರೆ ಸಾಕು."